ಒತ್ತುವ ಮೊದಲೇ ಮೊಳಗಿದ ಗಂಟೆ

ಕೆಲವರಿಗೆ ಕರೆದರೂ ಕೇಳಿಸುವುದಿಲ್ಲ. ನನಗೆ ಕರೆಯುವ ಮೊದಲೇ ಕೇಳಿಸುತ್ತದೆ. ಎದುರಿನವರು ತಮ್ಮ ತೊಂದರೆಯನ್ನು ಅರ್ಧ ಹೇಳುವಷ್ಟರಲ್ಲಿ “ಆತು, ಮಾಡ್ತೀನಿ” ಎಂದು ಒಪ್ಪಿಕೊಂಡು ಬಿಟ್ಟಿರುತ್ತೇನೆ. ಇದನ್ನು ನಾನು ಪರೋಪಕಾರವೆಂದು ತಿಳಿದಿದ್ದೇನೆ. ನನ್ನ ಹೆಂಡತಿ ಸುನಂದಾ ಇದಕ್ಕೆ ಬೇರೊಂದು ಹೆಸರಿಟ್ಟಿದ್ದಾಳೆ, ಅದು ಅಚ್ಚು ಮಾಡುವಂಥದ್ದಲ್ಲ.

ಸುನಂದಾ ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಟಿಳಕವಾಡಿಯ ನಮ್ಮ ಮನೆಯಿಂದ ದಿನಾ ಹೋಗಿ ಬರುತ್ತಾಳೆ. ಈಚೆಗೆ ಮುಖ್ಯೋಪಾಧ್ಯಾಯಿನಿಯ ಪ್ರಭಾರ ಅವಳ ಹೆಗಲಿಗೆ ಬಿತ್ತು. ಅದೇ ಹೊತ್ತಿಗೆ ಗಂಟೆ ಬಾರಿಸುವ ಸಿಪಾಯಿ ನಿವೃತ್ತರಾದರು. ಮಾಸ್ತರರೇ ಸರದಿಯಂತೆ ಬಾರಿಸಬೇಕೆಂದು ಠರಾವಾಯಿತು. ಸರದಿ ಎಂದರೆ ಗೊತ್ತಲ್ಲ, ಇವತ್ತಿನದು ಇನ್ನೊಬ್ಬರದು ಎಂದು ಎಲ್ಲರೂ ತಿಳಿದುಕೊಂಡಿರುವುದು. “ಇವತ್ತ ಊಟದ ಗಂಟಿನ ಆಗ್ಲಿಲ್ರೀ. ಹುಡುಗರು ಹಸಗೊಂಡು ನನ್ನ ಮಾರಿ ನೋಡಾಕತ್ತಿದ್ರು. ಹಿಂಗಾದ್ರ ಈಕಿ ಕೈಲೆ ಸಾಲಿ ನಡಿಯಂಗಿಲ್ಲ ಅಂತಾರ ಮಂದಿ” ಎಂದು ರೊಟ್ಟಿ ಬಡಿಯುತ್ತ ಹೇಳಿದಳು. ಅವಳಿಗೆ ಬೇಕಾಗಿದ್ದುದು ಸಮಾಧಾನದ ಒಂದು ಮಾತು. ನಾನು ಹೇಳಿದ್ದು, “ಆತು, ಕಂಪ್ಯೂಟರಿನ್ಯಾಗ ಮಾಡಿಕೊಡ್ತೀನಿ.”

ನಾನು ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಆದರೆ ವಿಡಿಯೋ ನೋಡಿ ಪೈಥಾನ್ ಭಾಷೆ ಕಲಿತಿದ್ದೇನೆ, ಕಲಿಸಿದವರಿಗಿಂತ ಚೆನ್ನಾಗಿಯೇ ಕಲಿತಿದ್ದೇನೆ ಎಂಬುದು ನನ್ನ ಅಂದಾಜು. ಮೊದಲು ಪ್ರೋಗ್ರಾಮಿನ ಕಿಟಕಿ ಬಿಡಿಸಿದೆ. ಪರದೆಯ ಮೇಲೆ ಗುಂಡಿಗಳನ್ನು ಎಳೆದು ತಂದು ಕೂರಿಸುವುದು ರಂಗೋಲಿ ಹಾಕಿದಷ್ಟೇ ಸುಖ. ಪ್ರಾರ್ಥನೆಗೆ ಹಸಿರು, ಊಟಕ್ಕೆ ನಮ್ಮೂರ ಸಿಹಿ ಕುಂದಾದ ಕಂದು ಬಣ್ಣ, ಮನೆಗೆ ಬಿಡುವುದಕ್ಕೆ ಕೆಂಪು. ಸುನಂದಾ ಮೂರನ್ನೂ ಒತ್ತಿ ನೋಡಿದಳು. “ಚಂದ ಐತ್ರಿ ಖರೇ. ಆದ್ರ ಒತ್ತಿದ್ರ ಏನೂ ಆಗವಲ್ದಲ್ಲ?”

ಆಗುವುದಾದರೂ ಹೇಗೆ? ಗೋಡೆಗೆ ಸ್ವಿಚ್ ಕೂರಿಸಿ ತಂತಿ ಎಳೆಯದೆ ಬಿಟ್ಟಂತಾಗಿತ್ತು. ಗಂಟೆ ಬಾರಿಸುವ ಕೆಲಸವನ್ನು ಬೇರೆಯಾಗಿ ಬರೆದು, ಅದಕ್ಕೊಂದು ಹೆಸರಿಟ್ಟು, ‘ನಿನ್ನನ್ನು ಯಾರಾದರೂ ಒತ್ತಿದಾಗ ಈ ಹೆಸರಿನವನನ್ನು ಕರೆ’ ಎಂದು ಗುಂಡಿಗೆ ಹೇಳಿಡಬೇಕು. ಮಾದರಿ ನೋಡಿಕೊಂಡು ಹಸಿರು ಗುಂಡಿಯನ್ನೂ ಕುಂದಾ ಗುಂಡಿಯನ್ನೂ ಜೋಡಿಸಿದೆ. ಒತ್ತಿದ ಕೂಡಲೇ ಟಣ್ ಎಂದವು. ಕೆಂಪು ಗುಂಡಿಗೆ ಬರೆಯಬೇಕಾದ ಸಾಲನ್ನು ಮರುದಿನ ರಜೆ ಹಾಕಿ ಅವಳೊಂದಿಗೆ ಖಾನಾಪುರಕ್ಕೆ ಹೋಗುವಾಗ, ರೈಲು ದೇಸೂರು ದಾಟುವಷ್ಟರಲ್ಲಿ, ಮಾದರಿ ನೋಡದೆ ಬರೆದು ಮುಗಿಸಿದೆ. ಕೈ ಕುದುರಿದ ಮೇಲೆ ಮಾದರಿ ಯಾಕೆ?

ಶಾಲೆಯಲ್ಲಿ ಆಗ ದಿನದ ಮೊದಲ ಪಾಠ ನಡೆದಿತ್ತು. ಲ್ಯಾಪ್‌ಟಾಪನ್ನು ಧ್ವನಿವರ್ಧಕಕ್ಕೆ ಜೋಡಿಸಿ ಪ್ರೋಗ್ರಾಮು ತೆರೆದೆ. ನನ್ನ ಬೆರಳು ಗುಂಡಿಯ ಹತ್ತಿರಕ್ಕೂ ಹೋಗಿರಲಿಲ್ಲ, ಮನೆಗೆ ಬಿಡುವ ಉದ್ದನೆಯ ಗಂಟೆ ಊರಿಗೆಲ್ಲ ಕೇಳುವಂತೆ ಮೊಳಗಿತು. ಹೋ ಎಂಬ ಕೂಗೆದ್ದಿತು. ಗಾಬರಿಯಲ್ಲಿ ಮುಚ್ಚಿ, ಏನಾಯಿತೆಂದು ನೋಡಲು ಮತ್ತೆ ತೆರೆದೆ. ಮತ್ತೆ ಮೊಳಗಿತು. ಅನುಮಾನಿಸುತ್ತ ಉಳಿದಿದ್ದ ಒಳ್ಳೆಯ ಮಕ್ಕಳೂ ಈಗ ಚೀಲ ಹೆಗಲಿಗೇರಿಸಿದರು. ಗುಂಜಿ ಊರಿನಿಂದ ಬರುವ ಮಕ್ಕಳನ್ನು ರೈಲು ನಿಲ್ದಾಣದಿಂದ ಹಿಂದಕ್ಕೆ ಕರೆತರಬೇಕಾಯಿತು. ಗಣಿತದ ಮುಲ್ಲಾ ಮಾಸ್ತರರು ಹೆಲ್ಮೆಟ್ ಹಾಕಿಕೊಂಡು ಗಾಡಿ ಚಾಲೂ ಮಾಡಿಬಿಟ್ಟಿದ್ದರು. “ಇಷ್ಟ ಲಗೂನ ಹೆಂಗ್ರೀ ಸರ್?” ಎಂದು ಸುನಂದಾ ಕೇಳಿದರೆ, “ಗಂಟಿ ಆತಲ್ರೀ ಬಾಯಾರ” ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಉಳಿದ ಮಾಸ್ತರರು ನನ್ನತ್ತ ನೋಡಿದರು. ಆಗ ಸುನಂದಾ ಮುಂದೆ ಬಂದು, “ಅವರದೇನಿಲ್ರೀ, ನಾನ ಕೈತಪ್ಪಿ ಒತ್ತಿದೆ” ಎಂದಳು. ಅವಳ ಮರ್ಯಾದೆ ಉಳಿಸಲೆಂದು ಹೋದವನು ನಾನು. ಅವಳು ತನ್ನದನ್ನು ಕೊಟ್ಟು ನನ್ನದನ್ನು ಉಳಿಸಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಸಂಜೆ ಮನೆಗೆ ಬಿಡುವ ಹೊತ್ತಿಗೆ ಕೆಂಪು ಗುಂಡಿ ಎಷ್ಟು ಒತ್ತಿದರೂ ಸೊಲ್ಲೆತ್ತಲಿಲ್ಲ. ಅವಳೇ ಹೋಗಿ ಹಳೆಯ ಕಬ್ಬಿಣದ ತುಂಡಿಗೆ ಸುತ್ತಿಗೆಯಿಂದ ಬಾರಿಸಿ ಬಂದಳು.

ಮರಳುವ ರೈಲಿನಲ್ಲಿ ತಪ್ಪು ಸಿಕ್ಕಿತು. ಕೆಂಪು ಗುಂಡಿಗೆ ಕೊಟ್ಟ ಹೆಸರಿನ ಮುಂದೆ ಕಂಸದ ಒಂದು ಜೋಡಿಯನ್ನು, ಅಂದರೆ () ಇಂಥ ಗುರುತನ್ನು, ಹಾಕಿದ್ದೆ. ಕಂಸವಿಲ್ಲದೆ ಬರಿಯ ಹೆಸರು ಕೊಟ್ಟರೆ, ಕರೆದಾಗ ಬಾ ಎಂದು ಹೇಳಿಟ್ಟಂತೆ. ಕಂಸ ಹಾಕಿದರೆ, ಈಗಲೇ ಬಾ ಎಂದು ಕೂಗಿದಂತೆ. ಪ್ರೋಗ್ರಾಮಿನ ಕಿಟಕಿ ತೆರೆಯುತ್ತಲೇ ಆ ಹೆಸರಿನವನು ಓಡಿ ಬಂದು ಬಾರಿಸಿ ಹೋಗಿಬಿಡುತ್ತಿದ್ದ. ಗುಂಡಿಯ ಪಾಲಿಗೆ ಕರೆಯಲು ಯಾರೂ ಉಳಿಯುತ್ತಿರಲಿಲ್ಲ. ಇಷ್ಟನ್ನೂ ಸುನಂದಾಳಿಗೆ ವಿಸ್ತಾರವಾಗಿ ವಿವರಿಸಿದೆ. ಕಾಯುವ ಗುಣ ಕಂಸ ಎಂಬ ಹೆಸರಿಗೇ ಇಲ್ಲ ಎಂದೂ ಸೇರಿಸಿದೆ.

ಅವಳು ರೈಲಿನ ಕಿಟಕಿಯಾಚೆ ನೋಡುತ್ತ, “ಅಂದ್ರ, ಯಾರೂ ಒತ್ತೂಕಿಂತ ಮೊದಲ ಮಾಡಿಬಿಡೂದು. ಆಮ್ಯಾಲ ಖರೇನ ಒತ್ತಿದಾಗ ಸುಮ್ಮನ ಕುಂದರೂದು. ಹೌದಿಲ್ಲೋ?” ಎಂದಳು.

“ಹೌದು. ಎಷ್ಟ ಲಗೂ ತಿಳಕೊಂಡಿ ನೀ!” ಎಂದೆ.

“ದಿನಾ ನೋಡ್ತೀನಲ್ರೀ” ಎಂದಳು. ನಾನು ಲ್ಯಾಪ್‌ಟಾಪಿನತ್ತ ತಿರುಗಿ ಕಂಸ ಅಳಿಸಿದೆ.

ಮರುದಿನ ಮತ್ತೆ ಹೋಗಿ ಎಲ್ಲರೆದುರು ಕಂಸದ ಕಥೆ ಹೇಳಿ ತಪ್ಪು ನನ್ನದೇ ಎಂದು ಒಪ್ಪಿಕೊಂಡೆ, ಕಂಸ ತೆಗೆದ ಪ್ರೋಗ್ರಾಮು ತೆರೆದೆ. ಎಲ್ಲವೂ ಶಾಂತ. ಸಂಜೆ ಸುನಂದಾ ಕೆಂಪು ಗುಂಡಿ ಒತ್ತಿದಳು. ಗಂಟೆ ಮೊಳಗಿತು, ಮಕ್ಕಳು ಹೊತ್ತಿಗೆ ಸರಿಯಾಗಿ ಮನೆಗೆ ಹೊರಟರು. ಅವಳ ಮುಖದಲ್ಲಿ ಮೂಡಿದ ಗೆಲುವು ನೋಡಿ ನನ್ನ ಎದೆಯುಬ್ಬಿತು. ಆಗ ಮುಲ್ಲಾ ಮಾಸ್ತರರು ಹತ್ತಿರ ಬಂದು, “ಸರ್, ಹಾಜರಿ ಪುಸ್ತಕಾ...” ಎಂದರು.

“ಆತು ಬಿಡ್ರಿ, ಅದನ್ನೂ ಕಂಪ್ಯೂಟರಿನ್ಯಾಗ ಮಾಡಿಕೊಡ್ತೀನಿ!”

“ಹಂಗಲ್ರೀ ಸರ್, ಅದು ನಿಮ್ಮ ಲ್ಯಾಪ್‌ಟಾಪಿನ ಬುಡಕ ಐತಿ. ಜರಾ ಎತ್ರಿ ಅನ್ನಾಂವ ಇದ್ದೆ.”

ಸುನಂದಾ ತಲೆಯೆತ್ತದೆ ಹೇಳಿದಳು: “ಮುಲ್ಲಾ ಸರ್, ಪ್ರೋಗ್ರಾಮಿಂದು ತಗದಾರ್ರಿ. ಅವರ ಕಂಸ ಇನ್ನೂ ಹಂಗ ಐತಿ.”

ಹಾಜರಿಯ ಕಿಟಕಿಯನ್ನು ಆ ಭಾನುವಾರವೇ ಬಿಡಿಸಿ ಮುಗಿಸಿದೆ. ಗುಂಡಿಗಳು ಬಹಳ ಚಂದ ಬಂದಿವೆ. ಈ ಸಲ ಮಾತ್ರ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ.