ಬೀದಿಗೆ ಅಂಟಿಸಿದ ಕ್ರಿಯಾಪದಗಳು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಇದನ್ನು ವಿನಯವೆಂದು ತಿಳಿಯಬೇಡಿ, ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ಓದಿದ ಫಲ. ಮನುಷ್ಯ ಕಂಡದ್ದನ್ನು ನೆನಪಿಡುವುದಿಲ್ಲ, ನೆನಪಾದದ್ದನ್ನೇ ಕಂಡೆ ಎಂದುಕೊಳ್ಳುತ್ತಾನೆ ಎಂದು ಅಲ್ಲಿ ಕಲಿಸಿದರು. ಯಾವ ಮೇಷ್ಟ್ರು ಕಲಿಸಿದರೆಂಬುದು ಮರೆತಿದೆ. ಅಂದಿನಿಂದ ಮನೆಗೆ ಬೀಗ ಹಾಕಿ ಗೇಟು ದಾಟಿದವನು ವಾಪಸ್ಸು ಬಂದು ಬೀಗ ಜಗ್ಗಿ ನೋಡುತ್ತೇನೆ. ಜಗ್ಗಿದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನ ಬಸ್‌ಸ್ಟಾಪಿನಲ್ಲಿ ಹುಟ್ಟುತ್ತದೆ. "ನಿಮಗೆ ಕಾಯಿಲೆ ಏನಿಲ್ಲ, ಓದು ಜಾಸ್ತಿಯಾಗಿದೆ ಅಷ್ಟೆ" ಎನ್ನುತ್ತಾಳೆ ಹೆಂಡತಿ ಸುಧಾ.

ಇಂಥವನ ಪಾಲಿಗೆ ಮಗಳನ್ನು ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಕೆಲಸ ಬಂತು. ಅನಘಾ ಓದುತ್ತಿದ್ದ ಕೋಣನಕುಂಟೆಯ ಪುಟ್ಟ ಶಾಲೆ ಐದನೆಯ ತರಗತಿಗೇ ಮುಗಿದುಹೋಗುತ್ತದೆ. ಆರಕ್ಕೆ ಅವಳು ಹಟ ಹಿಡಿದದ್ದು ಬನಶಂಕರಿಯ ಒಂದು ಶಾಲೆಗೆ. ಅಲ್ಲಿ ಮರಗಳಿರುವ ದೊಡ್ಡ ಮೈದಾನವಿದೆ, ಖೊಖೊ ತಂಡವಿದೆ, ಜೀವದ ಗೆಳತಿ ಆಗಲೇ ಸೇರಿಕೊಂಡಿದ್ದಾಳೆ. ಅದು ಸಿಗದಿದ್ದರೆ ಹುಳಿಮಾವಿನ ಕಡೆಯ ಇನ್ನೊಂದು ಶಾಲೆ. ಅಲ್ಲಿ ಮೈದಾನವೆಂದರೆ ಮೇಷ್ಟ್ರುಗಳು ಸ್ಕೂಟರ್ ನಿಲ್ಲಿಸುವ ಜಾಗ. "ಅಲ್ಲಿಗೆ ಹಾಕಿದ್ರೆ ನಾನು ಯಾರ ಹತ್ರಾನೂ ಮಾತಾಡಲ್ಲ" ಎಂದು ಅವಳು ಮೊದಲೇ ಘೋಷಿಸಿದ್ದಳು. ಲೆಕ್ಕದಲ್ಲಿ ಹುಡುಗಿ ಗಟ್ಟಿ. ಭಯವಿದ್ದದ್ದು ಕನ್ನಡ ಪತ್ರಿಕೆಯ ಒಂದು ಭಾಗದ್ದು: ಒಂದು ಕ್ರಿಯಾಪದ ಕೊಡುತ್ತಾರೆ, ಅದೇ ಅರ್ಥದ ಇನ್ನೆರಡನ್ನು ಬರೆಯಬೇಕು.

ಮೊದಲ ಸಂಜೆ 'ಸಾಯು'ವಿನಿಂದ ಶುರು ಮಾಡಿದ್ದು ನನ್ನದೇ ತಪ್ಪು. ಮಡಿ, ತೀರಿಕೊಳ್ಳು ಎಂದು ಹೇಳಿಕೊಟ್ಟೆ. ಅವಳು, "ಅಪ್ಪ, ಸೊಳ್ಳೆ ತೀರಿಕೊಳ್ಳತ್ತಾ?" ಎಂದಳು. ಅಷ್ಟೇ ಸಾಕಾಯಿತು, ನನ್ನೊಳಗಿನ ಸಂಶಯದ ಹುಳ ಎದ್ದು ಕೂತಿತು. ಎರಡು ಕ್ರಿಯಾಪದಗಳಿಗೆ ನಿಜಕ್ಕೂ ಒಂದೇ ಅರ್ಥವಿರಲು ಸಾಧ್ಯವೆ? ನೋಡು, ವೀಕ್ಷಿಸು ಒಂದೇ ಅನ್ನುತ್ತಾರೆ. ಕ್ರಿಕೆಟ್ ವೀಕ್ಷಿಸಬಹುದು, ಹುಡುಗಿಯನ್ನು ವೀಕ್ಷಿಸಲು ಬಂದೆವು ಎಂದರೆ ಆ ಮನೆಯವರು ಕಾಫಿ ಕೊಡುತ್ತಾರೆಯೆ? ತಿನ್ನು, ಸೇವಿಸು ಒಂದೇ ಅನ್ನುತ್ತಾರೆ. ಮಾತ್ರೆ ಸೇವಿಸಬಹುದು, ದೋಸೆ ಸೇವಿಸಿದೆ ಎಂದವನಿಗೆ ಜಯನಗರದ ಯಾವ ಹೋಟೆಲಿನಲ್ಲೂ ಎರಡನೆಯ ಸಲ ಚಟ್ನಿ ಹಾಕುವುದಿಲ್ಲ. ಹೀಗೆ ಅಪ್ಪ ಮಗಳು ಊಟದ ಹೊತ್ತಿನವರೆಗೆ ಕುತೂಹಲದಲ್ಲಿ ಮುಳುಗಿದ್ದೆವು. ಕಲಿತ ಪದ ಎರಡೇ, ಅವೂ ಸಾವಿಗೆ ಸಂಬಂಧಿಸಿದವು. ಅಡುಗೆಮನೆಯಿಂದ ಸುಧಾ, "ರೀ, ಸಂಶೋಧನೆ ಆಮೇಲೆ ಮಾಡಿ. ಅವಳಿಗೆ ಎರಡು ಬರಿಯೋಕೆ ಬಂದ್ರೆ ಸಾಕು" ಎಂದಳು.

ಆಗ ನನ್ನ ಓದು ನೆರವಿಗೆ ಬಂತು. ನೆನಪಿಡಬೇಕಾದದ್ದನ್ನು ಪರಿಚಿತ ದಾರಿಯ ಒಂದೊಂದು ಜಾಗಕ್ಕೆ ಅಂಟಿಸಿ, ಬೇಕಾದಾಗ ಮನಸ್ಸಿನಲ್ಲೇ ಆ ದಾರಿಯಲ್ಲಿ ನಡೆಯುವ ಹಳೆಯದೊಂದು ಉಪಾಯವಿದೆ. ನಾನು ನಮ್ಮ ಬೀದಿಯನ್ನೇ ಆರಿಸಿಕೊಂಡೆ. ಇಸ್ತ್ರಿ ಗಾಡಿಗೆ 'ಒತ್ತು, ಅದುಮು, ಅಮುಕು'. ಎಳನೀರಿನ ಗಾಡಿಗೆ 'ಕುಡಿ, ಹೀರು, ಸೇವಿಸು'. ಸದಾ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರಿಗೆ 'ಹೆದರು, ಅಂಜು, ಬೆದರು'. ತಿರುವಿನ ಕಲ್ಲುಬೆಂಚಿಗೆ 'ಕೂರು, ಕುಳ್ಳಿರು, ಆಸೀನನಾಗು'. ಬೆಳಿಗ್ಗೆ ಮಗಳ ಕೈಹಿಡಿದು ಒಂದೊಂದರ ಮುಂದೆಯೂ ನಿಂತು ಪದ ಹೇಳಿಸುವುದು. ಮನೆಯ ಮಾಲೀಕ ಮುನಿಯಪ್ಪನವರು, ಈ ಬಡಾವಣೆ ರಾಗಿ ಹೊಲವಾಗಿದ್ದಾಗ ಅದನ್ನು ಉತ್ತವರು, ಗೇಟಿಗೆ ಒರಗಿ ನೋಡುತ್ತಿದ್ದರು. "ಏನ್ ಸಾರ್, ಟ್ರಾನ್ಸ್‌ಫಾರ್ಮರ್‌ಗೆ ಮಂತ್ರ ಹಾಕ್ತಿದೀರಾ? ಕರೆಂಟ್ ಹೋಗ್ದಂಗೆ ಹಾಕಿ."

ಬೆಂಗಳೂರಿನ ಬೀದಿಯನ್ನು ಶಾಶ್ವತವೆಂದು ನಂಬುವ ತಪ್ಪನ್ನು ಓದಿದವನು ಮಾತ್ರ ಮಾಡಬಲ್ಲ. ಪರೀಕ್ಷೆ ಮುಂದಿನ ವಾರ ಎನ್ನುವಾಗ ನೀರಿನ ಪೈಪು ಹಾಕಲು ಬೀದಿ ಅಗೆಯತೊಡಗಿದರು. ಇಸ್ತ್ರಿ ಗಾಡಿ ಯಾವುದೋ ಅಡ್ಡರಸ್ತೆಗೆ ಹೋಯಿತು. ಎಳನೀರಿನವನು ಸುಬ್ರಹ್ಮಣ್ಯಪುರದ ಕಡೆ ಹೋದನಂತೆ. ನಾನು ಮಗಳ ಜೊತೆ ಹೋಗುವಷ್ಟರಲ್ಲಿ ಮಣ್ಣು ಅಗೆಯುವ ಯಂತ್ರ ಕಲ್ಲುಬೆಂಚಿನ ಮುಂದೆ ಬಾಯಿ ತೆರೆದು ನಿಂತಿತ್ತು. ನಾನು ಅಡ್ಡ ನಿಂತೆ.

"ಒಂದು ವಾರ ತಡೀರಿ, ನನ್ನ ಮಗಳ ಪರೀಕ್ಷೆ ಇದೆ."

ಮೇಸ್ತ್ರಿ ಸುತ್ತ ನೋಡಿದ. "ಇಲ್ಲೆಲ್ಲಿ ಸಾರ್ ಸ್ಕೂಲು?"

"ಸ್ಕೂಲಲ್ಲ, ಈ ಬೆಂಚಲ್ಲಿ ಮೂರು ಕ್ರಿಯಾಪದ ಇವೆ."

ಅವನು ನನ್ನನ್ನೊಮ್ಮೆ, ಮಗಳನ್ನೊಮ್ಮೆ ನೋಡಿ, "ಪಾಪು, ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಕರಿಯಮ್ಮ" ಎಂದ. ಅಷ್ಟರಲ್ಲಿ ಯಂತ್ರದ ತೋಳು ನನ್ನ ಕಡೆ ತಿರುಗಿತು. ನಾನು ಓಡಿದೆ. ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು.

ಮುನಿಯಪ್ಪನವರು ಸಮಾಧಾನ ಹೇಳಿದರು. "ಬೆಂಚ್ ಹೋದ್ರೆ ಹೋಗ್ಲಿ ಬಿಡಿ ಸಾರ್. ನಾವ್ ಇವತ್ತಿಗೂ ಹುಣಸೇಮರದ ಹತ್ರ ಬಾ ಅಂತೀವಿ. ಮರ ಹೋಗಿ ಯಾವ್ ಕಾಲ ಆಯ್ತು. ಯಾರಾದ್ರೂ ದಾರಿ ತಪ್ಪಿದಾರಾ?" ತಪ್ಪಿದವನು ನಾನೇ. ಬಾಡಿಗೆಗೆ ಬಂದ ಹೊಸದರಲ್ಲಿ ಆ ಮರ ಹುಡುಕಿಕೊಂಡು ಕನಕಪುರ ರಸ್ತೆಯವರೆಗೂ ಹೋಗಿದ್ದೆ. ಆದರೂ ಅವರ ಕ್ರಮ ಪ್ರಯೋಗಿಸಿ ನೋಡಿದೆ. ಅವರಿಗೆ ಕಣ್ಣು ಮುಚ್ಚಿದರೆ ಮರ ಕಾಣುತ್ತಿತ್ತು, ನನಗೆ ಗುಂಡಿ ಮಾತ್ರ ಕಂಡಿತು. ಗುಂಡಿಗೆಂದು ನಾನು ಒಂದು ಪದವನ್ನೂ ಅಂಟಿಸಿರಲಿಲ್ಲ. ಮೈದಾನ, ಖೊಖೊ, ಗೆಳತಿ ಎಲ್ಲವೂ ನನ್ನ ಉಪಾಯದಿಂದಲೇ ಆ ಗುಂಡಿಗೆ ಬಿದ್ದವೆಂದು ಅನ್ನ ಸೇರಲಿಲ್ಲ.

ಪರೀಕ್ಷೆಯ ದಿನ ಶಾಲೆಯ ಗೇಟಿನ ಹೊರಗೆ ತಂದೆ ತಾಯಿಗಳ ನಡುವೆ ನಿಂತಿದ್ದೆ. ಅನಘಾ ಕುಣಿಯುತ್ತ ಬಂದಳು. "ಸಖತ್ ಈಸಿ ಅಪ್ಪ. ಓಡು, ಹೆದರು, ಹುಡುಕು, ಗೊಣಗು ಕೇಳಿದ್ರು."

"ಹೆದರು ಟ್ರಾನ್ಸ್‌ಫಾರ್ಮರ್ ಹತ್ರ ಇತ್ತಲ್ವಾ, ನೆನಪಾಯ್ತಾ?"

"ಅದೆಲ್ಲ ಮೊದಲೇ ಬಿಟ್ಬಿಟ್ಟಿದ್ದೆ. ಬೀದಿಯಲ್ಲಿ ನಾನು ನೋಡ್ತಿದ್ದಿದ್ದು ನಿನ್ನನ್ನ. ಹುಡುಕು ಅಂದ್ರೆ ದಿನಾ ಕನ್ನಡಕ ಹುಡುಕೋ ನೀನು: ಅರಸು, ತಡಕು. ಓಡು ಅಂದ್ರೆ ಆ ಮಣ್ಣು ಅಗಿಯೋ ಗಾಡಿ ಬಂದಾಗ ನೀನು: ಧಾವಿಸು, ಪರಾರಿಯಾಗು. ಚಪ್ಪಲಿ ಸಮೇತ ನೆನಪಾಯ್ತು. ನಗು ತಡಿಯಕ್ಕಾಗದೆ ಮಿಸ್ ಹತ್ರ ಬೈಸ್ಕೊಂಡೆ."

ಅವಳಿಗೆ ಸೀಟು ಸಿಕ್ಕಿತು. ಫಲಿತಾಂಶದ ದಿನ ಶಾಲೆಯ ಗೋಡೆಗೆ ಹಚ್ಚಿದ್ದ ಪಟ್ಟಿಯಲ್ಲಿ ತನ್ನ ಹೆಸರನ್ನು ಅವಳು ಓದಿದಳು, ನಾನು ಓದಿದೆ, ನಂಬಿಕೆ ಬಾರದೆ ಗೇಟಿನಿಂದ ವಾಪಸ್ಸು ಹೋಗಿ ಮತ್ತೆ ಓದಿದೆ. ಬಸ್ಸಿನಲ್ಲಿ ಕೂತ ಮೇಲೆ ಕುತೂಹಲ ತಡೆಯಲಾಗಲಿಲ್ಲ. ಓಡುವುದು, ಹೆದರುವುದು, ಗೊಣಗುವುದು ಇವೆಲ್ಲ ನನಗೇ ಅಂಟಿವೆ ಎಂಬುದು ಸ್ಪಷ್ಟವಾಗಿತ್ತು.

"ಒಳ್ಳೇದು ಒಂದೂ ಇಲ್ವೇನೆ? ಗೆಲ್ಲು? ಆಳು?"

"ಎರಡೂ ಅಮ್ಮ."

"ಹೊಳೆ?"

"ಓ, ಅದು ನೀನೇ ಅಪ್ಪ" ಎಂದಳು. ನನ್ನ ಎದೆ ಉಬ್ಬಿತು. ಅವಳು ಬಸ್ಸಿನ ಕಿಟಕಿಯ ಬಿಸಿಲು ಬಿದ್ದಿದ್ದ ನನ್ನ ನೆತ್ತಿಯನ್ನು ಪ್ರೀತಿಯಿಂದ ಸವರಿ, "ಮಿನುಗು, ಥಳಥಳಿಸು" ಎಂದು ಎರಡನ್ನೂ ತಪ್ಪಿಲ್ಲದೆ ಹೇಳಿದಳು.