ಒಂದು ಗಂಟೆ ಮುಂದಿದ್ದ ಗಡಿಯಾರ

ನನ್ನ ಮುತ್ತಜ್ಜಿಗೆ ಊರವರು ಇಟ್ಟಿದ್ದ ಹೆಸರು ಓಟದಜ್ಜಿ. ಮದುವೆಯ ದಿನ ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಕಂಬಿ ಕಿತ್ತ ಮದುಮಗನನ್ನು ಎರಡು ಹೊಲ, ಒಂದು ಹಳ್ಳ ದಾಟಿ ಅಟ್ಟಿಸಿಕೊಂಡು ಹೋಗಿ, ರಟ್ಟೆ ಹಿಡಿದು ಎಳೆತಂದು ಮದುಮಗಳ ಪಕ್ಕದಲ್ಲಿ ಕೂರಿಸಿದ ಮಹಾತಾಯಿ. (ಮದುಮಗ ನನ್ನ ಮುತ್ತಜ್ಜ. ಮದುಮಗಳು ಅವಳೇ.) ಅವಳ ಮಗಳು, ಅಂದರೆ ನನ್ನ ಅಜ್ಜಿ, ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಒಂದು ಕಂಬಳಿಗಾಗಿ ಕಿತ್ತಾಡುತ್ತಿದ್ದಾಗ ಆ ಕಂಬಳಿಯನ್ನು ತಾನೇ ಹೊದ್ದು, ಇಬ್ಬರ ನಡುವೆ ಮಲಗಿ, ಗೊರಕೆ ಹೊಡೆದು ಜಗಳ ನಿಲ್ಲಿಸಿದವಳು. ನನ್ನ ಅಮ್ಮನೇನು ಕಡಿಮೆಯೇ? ಬಿರುಗಾಳಿಗೆ ಚಪ್ಪರ ಎದ್ದಾಗ ನಾಲ್ಕು ಮೂಲೆಗೆ ನಾಲ್ಕು ಜನ ಬೀಗರನ್ನು ನಿಲ್ಲಿಸಿ, ಕೈಗೆ ಹಗ್ಗ ಕೊಟ್ಟು, ಊಟ ಮುಗಿಯುವ ತನಕ ಅವರನ್ನು ಗೂಟಗಳನ್ನಾಗಿ ಮಾಡಿದ್ದವಳು.

ಇಂಥ ವಂಶದಲ್ಲಿ ಹುಟ್ಟಿಯೂ ನಾನು ಅರವತ್ತಮೂರು ವರ್ಷ ಬರೀ ಮನೆಮಂದಿಯನ್ನು ಬಾಗಿಲು ದಾಟಿಸುವುದರಲ್ಲೇ ಸವೆದೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಕಲಿತದ್ದು ಅಂಗಡಿಯ ಪೊಟ್ಟಣ ಬಿಚ್ಚಿದ ಕಾಗದದಲ್ಲಿ. ಹಾಗಾಗಿ ನನಗೆ ಯಾವ ಸುದ್ದಿಯ ತಲೆ ಗೊತ್ತೋ ಅದರ ಬಾಲ ಗೊತ್ತಿಲ್ಲ. ಆದರೂ ನೆಂಟರಿಷ್ಟರ ಇಪ್ಪತ್ಮೂರು ಮದುವೆಗಳನ್ನು ದಡ ಮುಟ್ಟಿಸಿದ್ದೇನೆ. ಇಪ್ಪತ್ನಾಲ್ಕನೆಯದರಲ್ಲಿ, ಒಂದು ಕೈಯಲ್ಲಿ ಸೌಟು ಇನ್ನೊಂದು ಕೈಯಲ್ಲಿ ಯಾರದ್ದೋ ಕೂಸು ಹಿಡಿದು ಓಡಾಡುತ್ತಿದ್ದಾಗ, ಸೊಸೆ ಬಂದು ಕಿವಿಯಲ್ಲಿ ಹೇಳಿದಳು: "ಅತ್ತೆ, ನೀವು ಮಾಡ್ತಿರೋ ಕೆಲಸಕ್ಕೆ ವೆಡ್ಡಿಂಗ್ ಪ್ಲಾನರ್ ಅಂತಾರೆ. ಅವರು ಕೂತ್ಕೊಂಡು ಮಾಡ್ತಾರೆ."

ಕೂತುಕೊಂಡು! ಆ ಒಂದು ಪದ ನನ್ನ ಮಂಡಿಗಳಿಗೆ ಅಮೃತದಂತೆ ಇಳಿಯಿತು.

ಮರುದಿನವೇ ಒಂದು ಬೋರ್ಡು ಬರೆಸಿದೆ. "ಮದುವೆ ವ್ಯವಸ್ಥಾಪಕರು. ಹೊತ್ತಿಗೆ ಸರಿಯಾಗಿ." ಹಳದಿ ಹಲಗೆ, ನೀಲಿ ಅಕ್ಷರ, ಮೂಲೆಯಲ್ಲಿ ಗಿಣಿ ಬರೆಯಪ್ಪ ಎಂದರೆ ಪೇಂಟರು ಬರೆದದ್ದು ಕೋಳಿಯಂತಿದ್ದ ಒಂದು ಪಕ್ಷಿ. ಆದರೆ ಬೋರ್ಡು ತೂಗುಹಾಕಬೇಕಾದ ಮುಂದಿನ ಕೋಣೆ ನಮ್ಮ ಯಜಮಾನರ ಸಾಮ್ರಾಜ್ಯ. ನಿವೃತ್ತಿಯಾದ ಮೇಲೆ ಅವರು ಅಲ್ಲಿ ಹಳೆಯ ರೇಡಿಯೋಗಳನ್ನು ಬಿಚ್ಚುತ್ತಾರೆ. ಬಿಚ್ಚುತ್ತಾರೆ ಎಂದೆ, ಜೋಡಿಸುತ್ತಾರೆ ಎನ್ನಲಿಲ್ಲ. ಹನ್ನೊಂದು ರೇಡಿಯೋಗಳು ಕರುಳು ಹೊರಗೆ ಹಾಕಿಕೊಂಡು ಅಲ್ಲಿ ಮಲಗಿವೆ.

ಕೋಣೆ ಬಿಡಿ ಎಂದೆ. ಅವರು ಸ್ಕ್ರೂಡ್ರೈವರನ್ನು ರಾಜದಂಡದಂತೆ ಎತ್ತಿ ಷರತ್ತು ಹಾಕಿದರು.

"ಒಂದು ಮದುವೆ ಮಾಡಿ ತೋರ್ಸು ಇವಳೇ. ಹೇಳಿದ ಹೊತ್ತಿಗೆ ಆದ್ರೆ ಕೋಣೆ ನಿಂದು. ಒಂದು ನಿಮಿಷ ತಡ ಆದ್ರೂ ನಿನ್ನ ಕೋಳಿ ಬೋರ್ಡು ನೀರಿನ ಡ್ರಮ್ಮಿಗೆ ಮುಚ್ಚಳ."

"ಅದು ಗಿಣಿ" ಎಂದು ಹೇಳಿ ಒಪ್ಪಿಕೊಂಡೆ.

ನಮ್ಮ ಬೀದಿಯ ತುದಿಯ ಔಷಧಿ ಅಂಗಡಿಯವರ ಮಗಳಿಗೆ ಮದುವೆ ಗೊತ್ತಾಗಿತ್ತು. ನನ್ನ ಮಂಡಿ ಮುಲಾಮಿನ ಹಳೆಯ ಋಣದಿಂದಲೋ ಏನೋ, ಅವರು ಕೆಲಸ ನನಗೇ ವಹಿಸಿದರು. ಮಾತನ್ನೂ ಮಾತ್ರೆಯಂತೆ ಎಣಿಸಿ ಕೊಡುವ ಮನುಷ್ಯ. "ಮದುವೆ ಹತ್ತೂವರೆಗೆ. ನೋಂದಣಿ ಅಧಿಕಾರಿ ಸಭಾಂಗಣಕ್ಕೇ ಬರ್ತಾರೆ. ಹನ್ನೊಂದಕ್ಕೆ ಅವರಿಗೆ ಇನ್ನೊಂದು ಮದುವೆ ಇದೆ. ಕಾಯಲ್ಲ" ಎಂದು ನಾಲ್ಕು ಡೋಸು ಕೊಟ್ಟು ಮುಗಿಸಿದರು.

ಇಲ್ಲಿ ನನ್ನ ಕಸುಬಿನ ಗುಟ್ಟನ್ನು ಬಿಚ್ಚಿಡಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಯಾವ ಸುಳ್ಳು, ಎಷ್ಟು ಸುಳ್ಳು ಎಂದು ಅವರು ಹೇಳದೆ ಹೋದರು. ಅದನ್ನು ಕಂಡುಹಿಡಿದವಳು ನಾನು. ನಮ್ಮ ಮನೆಯಲ್ಲಿ ಎಂಟಕ್ಕೆ ಹೊರಡಬೇಕಾದರೆ ಮಗನಿಗೆ ಏಳೂವರೆ ಎನ್ನುತ್ತೇನೆ, ಸೊಸೆಗೆ ಏಳೂಮುಕ್ಕಾಲು, ನಾದಿನಿಗೆ ಆರು. (ನಾದಿನಿಗೆ ಹಿಂದಿನ ದಿನ ಎಂದರೂ ನಡೆಯುತ್ತದೆ.) ಯಜಮಾನರದ್ದು ಮಾತ್ರ ಮಾತಿನ ಸುಳ್ಳಿಗೆ ಬಗ್ಗುವ ಜೀವವಲ್ಲ. ಅವರಿಗಾಗಿ ಮೂವತ್ತು ವರ್ಷದ ಹಿಂದೆಯೇ ನಡುಮನೆಯ ಗೋಡೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದೆ. ಅಂದಿನಿಂದ ಅವರು ಎಲ್ಲಿಗೆ ಹೋದರೂ ಎಲ್ಲರಿಗಿಂತ ಮೊದಲು ಮುಟ್ಟುತ್ತಾರೆ. ಅದು ತನ್ನ ಕಾಲಿನ ಚುರುಕು ಎಂದು ತಿಳಿದು, ಬೀದಿಯವರಿಗೆಲ್ಲ ನಡಿಗೆಯ ಮೇಲೆ ಉಪನ್ಯಾಸ ಕೊಡುತ್ತಾರೆ. ಪಾಪ, ಇರಲಿ ಎಂದು ನಾನು ಬಾಯಿ ಬಿಟ್ಟಿರಲಿಲ್ಲ. ನಾನು ಮಾತ್ರ ಗಡಿಯಾರ ನೋಡಿದಾಗಲೆಲ್ಲ ಮನಸ್ಸಿನಲ್ಲೇ ಒಂದು ಗಂಟೆ ಕಳೆಯುತ್ತೇನೆ. ಉಸಿರಾಡಿದಷ್ಟು ಸಲೀಸು.

ಈ ಶಾಸ್ತ್ರವನ್ನೇ ಮದುವೆಗೆ ಹೂಡಿದೆ. ಆಮಂತ್ರಣ ಪತ್ರದಲ್ಲಿ ಎಲ್ಲರಿಗೂ ಒಂದೇ ಸಮಯ ಅಚ್ಚು ಹಾಕಿಸುವುದು ಅನುಭವವಿಲ್ಲದವರ ಕೆಲಸ. ಸಮಯದ ಜಾಗವನ್ನು ಖಾಲಿ ಬಿಡಿಸಿ, ಒಬ್ಬೊಬ್ಬರ ಮುಖ ನೋಡಿ ನನ್ನ ಕೈಯಾರೆ ಬರೆದೆ. ಫೋಟೋದವನಿಗೆ ಎಂಟು. ಮದುಮಗಳ ಸೋದರಮಾವ ನಿಂತಲ್ಲೇ ಬೇರು ಬಿಡುವ ಆಸಾಮಿ, ಎಂಟೂವರೆ. ಗಂಡಿನ ಕಡೆಯವರಿಗೆ ಒಂಬತ್ತು. ನೋಂದಣಿ ಅಧಿಕಾರಿ ಎಷ್ಟಾದರೂ ಸರ್ಕಾರಿ ಜೀವ, ಮುಕ್ಕಾಲು ಗಂಟೆ ಕಳೆದು ಒಂಬತ್ತೂಮುಕ್ಕಾಲು ಎಂದೆ. ಮದುಮಗಳಿಗೂ ಅವಳಪ್ಪನಿಗೂ ಗೊತ್ತಿದ್ದದ್ದು ನಿಜವಾದ ಹೊತ್ತೇ. ಆದರೂ ಬೇಗ ಬನ್ನಿ, ಹೆಣ್ಣಿನ ಮನೆಯವರು ತಡ ಮಾಡಬಾರದು ಎಂದು ಒಂಬತ್ತಕ್ಕೇ ಹೊರಡಲು ಹೇಳಿದೆ. ಇನ್ನುಳಿದವರು ಮದುಮಗಳ ಅಜ್ಜಿ. ತೊಂಬತ್ತರ ಹಣ್ಣು ಜೀವ, ಮೊಮ್ಮಗಳ ಮದುವೆ ನೋಡಲೆಂದೇ ಉಸಿರು ಹಿಡಿದುಕೊಂಡಿದ್ದೇನೆ ಎನ್ನುತ್ತಿದ್ದವರು. ಅಷ್ಟು ಹಿರಿಯರಿಗೆ ಸುಳ್ಳು ಬರೆಯಲು ಕೈ ಬರಲಿಲ್ಲ. ಅವರ ಪತ್ರದಲ್ಲಿ ಮಾತ್ರ ಹತ್ತೂವರೆ ಎಂದು ಗುಂಡಗೆ ಬರೆದೆ. ಕರೆತರಲು ಹತ್ತೂಕಾಲಿಗೆ ಕಾರೂ ಗೊತ್ತು ಮಾಡಿದೆ.

ಹಿಂದಿನ ಸಂಜೆಯೇ ಸಭಾಂಗಣಕ್ಕೆ ಹೂವು ಕಟ್ಟಿಸಿ, ಕುರ್ಚಿ ಸಾಲು ಹಾಕಿಸಿ, ದನಕರು ನುಗ್ಗಿ ಹೂವು ಮೇಯದಿರಲೆಂದು ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ. ಎಂಟು ಎಂದರೆ ಫೋಟೋದವನು ಒಂಬತ್ತೂಕಾಲಿಗೆ ಬರುತ್ತಾನೆ. ನಾನು ಒಂಬತ್ತಕ್ಕೆ ಮನೆ ಬಿಟ್ಟರೆ ಕಾಲು ಗಂಟೆಯ ದಾರಿ, ಸರಿಹೋಯಿತು. ನಮ್ಮ ಗಡಿಯಾರದಲ್ಲಿ ಹತ್ತು ಹೊಡೆದಾಗ ಹೊರಡುವುದು.

ಬೆಳಿಗ್ಗೆಯಿಂದ ಹೂವಿನವಳು, ಅಡುಗೆಯವನು ಇಬ್ಬರೂ ಸರದಿಯ ಮೇಲೆ ಫೋನು ಮಾಡಿ ಪ್ರಾಣ ಹಿಂಡುತ್ತಿದ್ದರು. ವ್ಯವಸ್ಥಾಪಕಿ ಎಂದಮೇಲೆ ಒಂದು ಘನತೆ ಬೇಡವೇ? ಫೋನಿನ ಬಾಯಿ ಮುಚ್ಚಿ ಚೀಲದ ತಳಕ್ಕೆ ತುರುಕಿದೆ. ನಿಧಾನವಾಗಿ ಮಿಂದೆ. ಗಡಿಯಾರ ಒಂಬತ್ತು ತೋರಿಸಿತು, ಅಂದರೆ ಎಂಟು. ಸೀರೆಯ ನೆರಿಗೆಯನ್ನು ಮೂರು ಸಲ ಬಿಚ್ಚಿ ಉಟ್ಟೆ. ಒಂಬತ್ತೂವರೆ, ಅಂದರೆ ಎಂಟೂವರೆ. ಕಾಲು ಚಾಚಿ ಚಹಾ ಕುಡಿದೆ. ಯಜಮಾನರು ಬಾಗಿಲಲ್ಲಿ ನಿಂತು ಅಪರೂಪಕ್ಕೆ ಅಭಿಮಾನದಿಂದ ನೋಡಿದರು.

"ಮೂವತ್ತು ವರ್ಷದಲ್ಲಿ ಮೊದಲನೇ ಸಲ ನೀನು ಆತುರ ಇಲ್ಲದೆ ಹೊರಡ್ತಿರೋದು ನೋಡ್ತಿದೀನಿ" ಎಂದರು.

"ಕಸುಬು ಗೊತ್ತಿದ್ದೋರು ಹಾಗೇ" ಎಂದೆ.

ಹತ್ತು ಹೊಡೆಯಿತು. ಇಬ್ಬರೂ ಹೊರಟೆವು. ಯಜಮಾನರು ವಾಡಿಕೆಯಂತೆ ಅರ್ಧ ದಾರಿಯಲ್ಲಿ, ತನ್ನ ಹೆಜ್ಜೆಗೆ ಹೆಜ್ಜೆ ಹಾಕಲು ಯಾರಿಂದಲೂ ಆಗುವುದಿಲ್ಲ ಎಂದರು. ತಿರುವು ದಾಟಿದರೆ ಸಭಾಂಗಣದ ಮುಂದೆ ಜನಜಂಗುಳಿ. ನನಗೆ ಮೊದಲು ಹೊಳೆದದ್ದು ಬೇರೆ ಯಾರದ್ದೋ ಮೆರವಣಿಗೆ ಇರಬೇಕು ಎಂದು. ಹತ್ತಿರ ಹೋದರೆ ನನ್ನದೇ ಮದುವೆಯ ಜನ. ಬೀಗ ಹಾಕಿದ ಬಾಗಿಲಿನ ಮುಂದೆ, ಮೆಟ್ಟಿಲಿನ ಮೇಲೆ, ಗೋಡೆಯ ನೆರಳಿನಲ್ಲಿ ಕೂತು ಪೇಪರ್ ತಟ್ಟೆಯಲ್ಲಿ ತಿಂಡಿ ತಿನ್ನುತ್ತಿದ್ದಾರೆ. ಫೋಟೋದವನು ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕುತ್ತಿದ್ದಾನೆ. ಮದುಮಗಳು ಚಪ್ಪಲಿ ಕಳಚಿ ಕಾಲು ಒತ್ತಿಕೊಳ್ಳುತ್ತಿದ್ದಾಳೆ.

"ಇಷ್ಟು ಬೇಗ ಬಂದ್ಬಿಟ್ರಾ?" ಎಂದು ನಗುನಗುತ್ತಾ ಕೇಳಿದೆ.

ಔಷಧಿ ಅಂಗಡಿಯವರು ನನ್ನನ್ನು ಅವಧಿ ಮೀರಿದ ಸೀಸೆಯನ್ನು ನೋಡುವಂತೆ ನೋಡಿದರು.

"ಮದುವೆ ಆಯ್ತಮ್ಮ" ಎಂದರು.

ನಡೆದದ್ದು ಇಷ್ಟು. ನನ್ನ ಶಾಸ್ತ್ರ ನನ್ನ ಮನೆಯ ಸೋಮಾರಿಗಳನ್ನು ಅಳೆದು ಮಾಡಿದ್ದು. ಲೋಕದಲ್ಲಿ ಹೇಳಿದ ಹೊತ್ತಿಗೆ ಬರುವ ಜನರೂ ಇದ್ದಾರೆ ಎಂಬ ಸಂಗತಿ ನನಗೆ ಯಾವ ಪೊಟ್ಟಣದ ಕಾಗದದಲ್ಲೂ ಸಿಕ್ಕಿರಲಿಲ್ಲ. ಫೋಟೋದವನು ಎಂಟಕ್ಕೇ ಬಂದು ಬೀಗದ ಫೋಟೋ ಹಿಡಿದಿದ್ದ. ಬೇರು ಬಿಡುವ ಸೋದರಮಾವ ಎಂಟೂಇಪ್ಪತ್ತಕ್ಕೇ ಹಾಜರು. ಒಂಬತ್ತರ ಹೊತ್ತಿಗೆ ಎಲ್ಲರೂ ಆಮಂತ್ರಣ ಪತ್ರಗಳನ್ನು ಹೊರತೆಗೆದು ಇಸ್ಪೀಟಿನ ಎಲೆಗಳಂತೆ ಹೋಲಿಸಿ ನೋಡಿದ್ದರು. ನಿಮ್ಮದು ಎಷ್ಟು, ನನ್ನದು ಎಂಟು, ನನ್ನದು ಒಂಬತ್ತು. ನನಗೆ ಇಪ್ಪತ್ತೇಳು ಸಲ ಫೋನು ಮಾಡಿದ್ದರು. ಒಂಬತ್ತೂನಲವತ್ತಕ್ಕೆ, ಅಂದರೆ ನನ್ನ ಸುಳ್ಳಿಗಿಂತಲೂ ಐದು ನಿಮಿಷ ಮೊದಲು, ನೋಂದಣಿ ಅಧಿಕಾರಿ ಬಂದಿಳಿದರು. ಬಾಗಿಲು ಮುಚ್ಚಿದ್ದರೇನಂತೆ, ಹೆಣ್ಣಿದೆ, ಗಂಡಿದೆ, ಸಾಕ್ಷಿಗಳಿದ್ದಾರೆ, ನನ್ನ ಪೆನ್ನಿದೆ ಎಂದು ಮೆಟ್ಟಿಲಿನ ಮೇಲೇ ಪುಸ್ತಕ ಬಿಚ್ಚಿ, ಹತ್ತು ಹೊಡೆಯುವಷ್ಟರಲ್ಲಿ ಮದುವೆ ಮುಗಿಸಿ ಹೊರಟೇಹೋದರು. ಹೋಗುವಾಗ, ಇಪ್ಪತ್ತು ವರ್ಷದ ಕೆಲಸದಲ್ಲಿ ತನ್ನನ್ನು ಕಾಯಿಸದ ಮೊದಲ ಮದುವೆ ಇದು, ವ್ಯವಸ್ಥೆ ಯಾರದ್ದು ಎಂದು ಕೇಳಿದರಂತೆ. ಅವರು ಇನ್ನೂ ಬಂದಿಲ್ಲ ಎಂದರಂತೆ ಇವರು.

"ಇನ್ನೂ ಒಂಬತ್ತೂಕಾಲು" ಎಂದೆ, ತೊದಲುತ್ತಾ.

"ಹತ್ತೂಕಾಲು" ಎಂದರು ಎಲ್ಲರೂ ಒಟ್ಟಿಗೆ. ಆ ದಿನ ಎಲ್ಲರೂ ಒಂದೇ ಸಮಯ ಹೇಳಿದ್ದು ಅದೊಂದು ಸಲ.

ನಾನು ಯಜಮಾನರ ಕಡೆ ತಿರುಗಿದೆ. ಅವರ ಮುಖ ಬೆಣ್ಣೆ ಕದ್ದ ಬೆಕ್ಕಿನದಲ್ಲ, ಬೆಣ್ಣೆ ತಂದಿಟ್ಟ ಬೆಕ್ಕಿನದು.

"ನಿನ್ನೆ ರೇಡಿಯೋ ಒಂದು ಹಾಡ್ತು ನೋಡು, ಅದರಲ್ಲಿ ಹೇಳಿದ ಟೈಮಿಗೂ ನಮ್ಮ ಗಡಿಯಾರಕ್ಕೂ ಒಂದು ಗಂಟೆ ವ್ಯತ್ಯಾಸ. ನಿನ್ನ ಮೊದಲನೇ ಕೆಲಸ, ಗಡಿಯಾರ ಕೈ ಕೊಡಬಾರದು ಅಂತ ಬಿಚ್ಚಿ, ಎಣ್ಣೆ ಬಿಟ್ಟು, ಸರಿ ಮಾಡಿಟ್ಟೆ. ಹೇಳ್ದೇನೇ ಸಹಾಯ ಮಾಡೋಣ ಅಂತ" ಎಂದರು.

ಹನ್ನೊಂದು ರೇಡಿಯೋಗಳಲ್ಲಿ ಒಂದು ಹಾಡಿತು. ಅದೂ ನಿನ್ನೆ. ಮೂವತ್ತು ವರ್ಷದ ಗುಟ್ಟನ್ನು ನಡುಬೀದಿಯಲ್ಲಿ ಬಾಯಿ ಬಿಡಬೇಕಾಯಿತು. ಕೇಳಿದವರೆಲ್ಲ ತಟ್ಟೆ ಕೆಳಗಿಟ್ಟು ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. ತಮ್ಮ ಕಾಲುಗಳನ್ನೇ ತುಸು ಹೊತ್ತು ನೋಡಿಕೊಂಡು, "ಹಾಗಾದ್ರೆ ನನ್ನ ನಡಿಗೆ?" ಎಂದರು.

ಅಷ್ಟರಲ್ಲಿ ಕಾರು ಬಂದು ನಿಂತಿತು. ಹತ್ತೂವರೆ. ಒಂದು ಕ್ಷಣ ಹೆಚ್ಚಿಲ್ಲ, ಕಡಿಮೆಯಿಲ್ಲ. ಮದುಮಗಳ ಅಜ್ಜಿ ಹೊಸ ಸೀರೆಯಲ್ಲಿ, ಬೆಳ್ಳಿ ಕೂದಲನ್ನು ನುಣ್ಣಗೆ ಬಾಚಿಕೊಂಡು, ಆಮಂತ್ರಣ ಪತ್ರವನ್ನು ಎದೆಗೆ ಒತ್ತಿಕೊಂಡು ಇಳಿದರು. ನಗು ನಿಂತಿತು. ಮದುಮಗಳ ಕಣ್ಣು ತುಂಬಿತು. ಅಜ್ಜಿ ಬರುವ ತನಕ ನಿಲ್ಲಿ ಎಂದು ಅವಳು ಎಷ್ಟು ಬೇಡಿದರೂ ಅಧಿಕಾರಿ ಕಾದಿರಲಿಲ್ಲವಂತೆ. ಯಾರೂ ಹೇಳಲಿಲ್ಲ, ಆದರೆ ತೊಂಬತ್ತು ವರ್ಷ ಬಾಳಿದವರಿಗೆ ಖಾಲಿ ತಟ್ಟೆಗಳನ್ನೂ, ಮೆಟ್ಟಿಲಿನ ಮೇಲೆ ಹರಡಿದ್ದ ಪತ್ರಗಳ ಬೇರೆ ಬೇರೆ ಸಮಯಗಳನ್ನೂ ಓದಲು ಬರುವುದಿಲ್ಲವೇ?

ಅಜ್ಜಿ ನೇರವಾಗಿ ನನ್ನ ಬಳಿ ಬಂದರು. ಪತ್ರವನ್ನು ನನ್ನ ಮುಂದೆ ಹಿಡಿದರು.

"ಎಲ್ಲರಿಗೂ ಸುಳ್ಳು ಹೇಳ್ದೆ. ನಂಗೊಬ್ಬಳಿಗೆ ಯಾಕವ್ವ ನಿಜ ಹೇಳ್ದೆ?"

"ದೊಡ್ಡೋರಿಗೆ ಸುಳ್ಳು ಹೇಳಬಾರದು ಅಂತ ಅಜ್ಜಿ" ಎಂದೆ.

"ಇನ್ಮೇಲೆ ನನ್ನನ್ನೂ ಚಿಕ್ಕೋಳು ಅಂತ್ಲೇ ಲೆಕ್ಕಕ್ಕೆ ಇಟ್ಕೋ."

ಓಟದಜ್ಜಿಯ ರಕ್ತ ಆಗ ಕುದಿಯಿತು ನೋಡಿ. ಸೊಂಟದಿಂದ ಬೀಗದ ಕೈ ಕಿತ್ತು ಬಾಗಿಲು ತೆರೆದೆ. ಚಪ್ಪಲಿ ಹಾಕಿಕೋ ಎಂದು ಮದುಮಗಳಿಗೆ, ಬಾಯಿ ಒರೆಸಿಕೋ ಎಂದು ಮದುಮಗನಿಗೆ, ಪೆಟ್ಟಿಗೆ ಬಿಚ್ಚು ಎಂದು ಫೋಟೋದವನಿಗೆ. ಎಲ್ಲರನ್ನೂ ಹೂವಿನ ನಡುವೆ ಸಾಲಾಗಿ ಕೂರಿಸಿ, ಅಜ್ಜಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಅಧಿಕಾರಿಯ ಜಾಗದಲ್ಲಿ ನಮ್ಮ ಯಜಮಾನರನ್ನು ನಿಲ್ಲಿಸಿದೆ. ನಡಿಗೆ ಹೋದರೂ ನಿಲುವಿಗೆ ಕೊರತೆಯಿಲ್ಲ. ಪುಸ್ತಕ ಹೊರಟುಹೋಗಿತ್ತು, ಹಾಗಾಗಿ ಹುಡುಗ ಹುಡುಗಿ ಇಬ್ಬರೂ ಅಜ್ಜಿಯ ಆಮಂತ್ರಣ ಪತ್ರದ ಹಿಂಬದಿಯಲ್ಲಿ ಸಹಿ ಹಾಕಿದರು. ಇದ್ದ ಪತ್ರಗಳಲ್ಲಿ ನಿಜ ಬರೆದದ್ದು ಅದೊಂದೇ. ಅಜ್ಜಿ ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ಹೊರಗಿನ ಮದುವೆ ಸರ್ಕಾರದ್ದು, ಇದು ನನ್ನದು ಎಂದರು. ಔಷಧಿ ಅಂಗಡಿಯವರು ಆಮೇಲೆ ನನ್ನ ಕೈ ಹಿಡಿದರು. ಕಣ್ಣು ಒದ್ದೆಯಾಗಿತ್ತು.

ಸಂಜೆ ಮನೆಯಲ್ಲಿ ತೀರ್ಪಿನ ಹೊತ್ತು. ಹೇಳಿದ ಹೊತ್ತಿಗೆ ಆಗಲಿಲ್ಲ, ಅರ್ಧ ಗಂಟೆ ಮೊದಲೇ ಆಯಿತು, ಆದ್ದರಿಂದ ಡ್ರಮ್ಮಿಗೆ ಮುಚ್ಚಳ ಎಂದು ಯಜಮಾನರ ವಾದ. ತಡವಾದರೆ ತಾನೇ ಮುಚ್ಚಳ, ಮೇಲಾಗಿ ಎರಡನೆಯದು ಹತ್ತೂವರೆಯ ಮೇಲೆ ಬರೀ ಏಳು ನಿಮಿಷಕ್ಕೆ ಶುರುವಾಯಿತು ಎಂದು ನನ್ನದು. (ಏಳು ನಿಮಿಷದ ಮಾತನ್ನು ನಾನು ಎತ್ತಬಾರದಿತ್ತು.) ಕೊನೆಗೆ ಸೊಸೆ ಬಂದು, ಮುಂದಿನ ಬೀದಿಯ ಹೊಲಿಗೆಯವರು ತಮ್ಮ ಮಗನ ಮದುವೆಯ ವ್ಯವಸ್ಥೆಗೆ ನನ್ನನ್ನೇ ಕೇಳಿದ್ದಾರೆ, ಆದರೆ ಕೈಬರಹದ ಸಮಯ ಮಾತ್ರ ಬೇಡವಂತೆ, ಬೀಗದ ಕೈ ಕೂಡ ಅವರ ಹತ್ತಿರವೇ ಇರುತ್ತದಂತೆ ಎಂದು ಸುದ್ದಿ ತಂದಳು. ಯಜಮಾನರು ನಿಟ್ಟುಸಿರು ಬಿಟ್ಟು ಹನ್ನೊಂದು ರೇಡಿಯೋಗಳನ್ನು ಒಂದೊಂದಾಗಿ ಹಿತ್ತಲಿನ ಕೋಣೆಗೆ ಸಾಗಿಸಿದರು. ನಿಧಾನವಾಗಿ ನಡೆಯುತ್ತಿದ್ದರು.

ಮುಂಬಾಗಿಲ ಪಕ್ಕದಲ್ಲಿ ಸ್ಟೂಲು ಹಾಕಿ, ಬೋರ್ಡನ್ನು ಎದೆಗೆ ಒರಗಿಸಿಕೊಂಡು, ಹಲ್ಲಿನಲ್ಲಿ ಎರಡು ಮೊಳೆ ಕಚ್ಚಿಕೊಂಡು ಹತ್ತಿದೆ. ಒಂದನ್ನು ಗೋಡೆಗಿಟ್ಟು ಸುತ್ತಿಗೆ ಬೀಸಿದೆ. ಮೊದಲ ಏಟು ಗೋಡೆಗೆ ಬಿತ್ತು, ಎರಡನೆಯದು ಹೆಬ್ಬೆರಳಿಗೆ. ಯಜಮಾನರು ಓಡಿಬಂದು ಕೆಳಗೆ ನಿಂತು ಕೈ ಚಾಚಿದರು. ಸುತ್ತಿಗೆ ಕೊಡು, ನಾನು ಹೊಡೆಯುತ್ತೇನೆ, ಸೊಟ್ಟ ಹೋಗುತ್ತಿದೆ ಎಂದರು.

ನಾನು ಬಾಯಿಂದ ಇನ್ನೊಂದು ಮೊಳೆ ತೆಗೆದೆ.

"ದೂರ ನಿಲ್ಲಿ. ಗಡಿಯಾರಕ್ಕೆ ಮಾಡಿದ ಸಹಾಯ ಇನ್ನೂ ಮೂರು ತಲೆಮಾರಿಗೆ ಸಾಕು. ಬೋರ್ಡು ಸೊಟ್ಟ ಆದ್ರೆ ನೋಡೋರು ಕತ್ತು ಸೊಟ್ಟ ಮಾಡ್ಕೊಂಡು ನೋಡ್ಲಿ. ಬೆರಳು ಜಜ್ಜಿದ್ರೆ ನನ್ನ ಬೆರಳೇ ತಾನೆ? ನಿಮ್ಮ ಕೈ ಮಾತ್ರ ಬೇಡ."