ಅಪ್ಪನ ಎಡಗಿವಿಯನ್ನು ಸೇವೆಯಿಂದ ಬಿಡುಗಡೆಗೊಳಿಸಿರುವ ಬಗ್ಗೆ

ಗೃಹಕೃತ್ಯ ಇಲಾಖೆ (ನಮ್ಮ ಮನೆಗೆ ಮಾತ್ರ)
ಮಲಗುವ ಕೋಣೆ ಶಾಖೆ

ಸಂಖ್ಯೆ: ಮನೆ/ಮಂಚ/ಎಡಗಿವಿ/ತಿದ್ದುಪಡಿ

ಸುತ್ತೋಲೆ

ವಿಷಯ: ಮಗಳು ಅಪ್ಪನ ಎಡಗಿವಿ ಹಿಡಿದು ಮಲಗುವ ಅಭ್ಯಾಸವನ್ನು ತಾನಾಗಿಯೇ ಕೈಬಿಟ್ಟಿದ್ದು, ಸದರಿ ಕಿವಿಯ ಮುಂದಿನ ನಿರ್ವಹಣೆ ಕುರಿತು.

ಉಲ್ಲೇಖ:
1. ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾದ ಇದೇ ಕಚೇರಿಯ ಹಿಂದಿನ ಸುತ್ತೋಲೆ.
2. ಮಗಳ ಮೌಖಿಕ ಹೇಳಿಕೆ, ಸೋಮವಾರ, ಹಲ್ಲುಜ್ಜಿದ ನಂತರ.

ಪ್ರಸ್ತಾವನೆ:

ಸಹಿದಾರರು ಹಗಲಿನಲ್ಲಿ ಸುತ್ತೋಲೆಗಳ ಕರಡು ಬರೆಯುವ ಗುಮಾಸ್ತರಾಗಿದ್ದು, ಮನೆಗೆ ಬಂದ ಮೇಲೂ ಆ ಚಾಳಿ ಬಿಡದವರಾಗಿರುತ್ತಾರೆ. ಅವರ ನಾಲ್ಕು ವರ್ಷದ ಮಗಳು, ಹಾಲು ಬಿಟ್ಟಂದಿನಿಂದಲೂ, ಅಪ್ಪನ ಎಡಗಿವಿಯ ಹಾಲೆಯನ್ನು ಬೆರಳಲ್ಲಿ ಹೊಸೆಯುತ್ತಾ ನಿದ್ದೆಹೋಗುವುದು ವಾಡಿಕೆಯಾಗಿತ್ತು. ಕಿವಿ ಕೆಂಪಾಗುತ್ತಿದೆ, ಉಗುರು ತಾಗುತ್ತಿದೆ, ಎಡಗಿವಿ ಬಲಗಿವಿಗಿಂತ ಜೋತುಬಿದ್ದಿದೆ ಎಂದು ಸಹಿದಾರರು ಕ್ಷೌರಿಕನಿಂದ ಮೇಲಧಿಕಾರಿಯವರೆಗೆ ಕಂಡಕಂಡವರಲ್ಲಿ ಗೋಳು ತೋಡಿಕೊಂಡು, ಉಲ್ಲೇಖ 1ರ ಮೂಲಕ ಅಭ್ಯಾಸವನ್ನು ಹಂತಹಂತವಾಗಿ ಬಿಡಿಸಲು ಆದೇಶಿಸಿದ್ದರು: ಮೊದಲು ಎರಡು ಬೆರಳು, ಆಮೇಲೆ ಒಂದು, ಕೊನೆಗೆ ಬಟ್ಟೆ ಮೊಲದ ಕಿವಿ.

ಆದೇಶ ಜಾರಿಗೆ ಬರುವ ಮೊದಲೇ ಮಗಳು ಉಲ್ಲೇಖ 2ರಂತೆ, "ಅಪ್ಪಾ, ನಾನೀಗ ದೊಡ್ಡೋಳಾದೆ. ನಿನ್ ಕಿವಿ ನಿಂಗೇ ಇರ್ಲಿ" ಎಂದು ತಿಳಿಸಿ, ಗೋಡೆ ಕಡೆ ತಿರುಗಿ ನಿದ್ದೆಹೋಗಿರುತ್ತಾಳೆ. ಆದೇಶವನ್ನು ಅವಳು ಓದಿಲ್ಲ, ಓದಲು ಬರುವುದೂ ಇಲ್ಲ. ಅಂದಿನಿಂದ ಸಹಿದಾರರಿಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ. ಆದುದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಮಗಳ ನಿರ್ಧಾರವನ್ನು ಗೌರವಿಸತಕ್ಕದ್ದು. ಇದೆಲ್ಲ ತಮ್ಮ ಸುತ್ತೋಲೆಯ ಮಹಿಮೆ ಎಂದು ಸಹಿದಾರರು ಕಚೇರಿಯಲ್ಲಿ ಕೊಚ್ಚಿಕೊಳ್ಳುವುದನ್ನು ಕೂಡಲೇ ನಿಲ್ಲಿಸತಕ್ಕದ್ದು.

2. ಮಲಗುವ ವೇಳೆ ಆಕಸ್ಮಿಕವೆಂಬಂತೆ ಕಿವಿಯನ್ನು ಮಗಳ ಕೈಗೆಟುಕುವಂತೆ ಒಯ್ಯುವುದು, "ಇವತ್ಯಾಕೋ ಕಿವಿ ತಣ್ಣಗಿದೆ" ಎಂದು ಅವಳಿಗೆ ಕೇಳುವಂತೆ ಗೊಣಗುವುದು ಇತ್ಯಾದಿಗಳನ್ನು ಆಮಿಷವೆಂದೇ ಪರಿಗಣಿಸಲಾಗುವುದು.

3. ತೆರವಾದ ಕಿವಿಯನ್ನು ಪೆನ್ಸಿಲ್ ಸಿಕ್ಕಿಸಲು ಬಳಸಬಹುದು. ಹೆಂಡತಿ ಹೇಳಿದ್ದನ್ನು ಕೇಳಿಸಿಕೊಳ್ಳಲೂ ಬಳಸಬಹುದೆಂದು ಹೆಂಡತಿಯವರು ಸಲಹೆ ನೀಡಿದ್ದು, ಅದು ಪರಿಶೀಲನೆಯಲ್ಲಿದೆ.

4. ಬಲಗಿವಿಯು ಇದುವರೆಗೆ ಯಾವ ಸೇವೆಯನ್ನೂ ಸಲ್ಲಿಸದ ಕಾರಣ, ಅದು ಈ ಬಗ್ಗೆ ದುಃಖಿಸುವಂತಿಲ್ಲ.

5. ಬಟ್ಟೆ ಮೊಲವು ಸಹಿದಾರರ ದಿಂಬಿನ ಕೆಳಗೆ ಪತ್ತೆಯಾಗಿದೆ. ಮೊಲವನ್ನು ತಂದ ಉದ್ದೇಶ ಅದಲ್ಲ. ಹಿಂದಿರುಗಿಸತಕ್ಕದ್ದು.

6. "ಇವ್ನೇನು ಕಮ್ಮೀನಾ? ಮೀಸೆ ಬರೋವರ್ಗೂ ನನ್ ಮೊಣಕೈ ಚಿವುಟ್ಕೊಂಡೇ ಮಲಗ್ತಿದ್ದ" ಎಂಬ ಸಹಿದಾರರ ತಾಯಿಯವರ ಹೇಳಿಕೆಯನ್ನು ಗೋಪ್ಯವೆಂದು ಘೋಷಿಸಲಾಗಿದೆ. ಅವರು ಅದನ್ನು ಈಗಾಗಲೇ ಇಡೀ ಬೀದಿಗೆ ಹೇಳಿರುವುದನ್ನು ವಿಷಾದದಿಂದ ಗಮನಿಸಲಾಗಿದೆ.

7. ಮಗಳ ಬಗ್ಗೆ ಸಹಿದಾರರಿಗೆ ಹೆಮ್ಮೆಯಾಗಿದೆ. ಸಂಕಟವೂ ಆಗಿದೆ. ಎರಡನ್ನೂ ಒಂದೇ ಕಡತದಲ್ಲಿ ಮಂಡಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

8. ಜ್ವರ ಬಂದಾಗ, ಗುಡುಗಿದಾಗ, ಗೆಳತಿ ಟೂ ಬಿಟ್ಟಾಗ, ಅಥವಾ ನಿಜವಾಗಿಯೂ ದೊಡ್ಡವಳಾದ ಮೇಲೂ ಸರಿ, ಮಗಳಿಗೆ ಕಿವಿ ಬೇಕೆನಿಸಿದಲ್ಲಿ ಅರ್ಜಿ, ಕಾರಣ, ಪೂರ್ವಾನುಮತಿ ಯಾವುದೂ ಬೇಕಿಲ್ಲ. ಉಗುರು ಕತ್ತರಿಸಿರಬೇಕೆಂಬ ಹಿಂದಿನ ಷರತ್ತನ್ನೂ ಈ ಮೂಲಕ ರದ್ದುಪಡಿಸಲಾಗಿದೆ.

(ಸಹಿ)
ಅಪ್ಪ
ಎಡಗಿವಿಯ ಪ್ರಭಾರ ಅಧಿಕಾರಿ

ಪ್ರತಿಗಳು:
1. ಹೆಂಡತಿಯವರಿಗೆ: ಮಾಹಿತಿಗಾಗಿ. ನಗಬಾರದೆಂದು ಕೋರಿದೆ.
2. ತಾಯಿಯವರಿಗೆ: ಮೊಣಕೈ ಸಹಿತ.
3. ಕ್ಷೌರಿಕನಿಗೆ: ಎರಡೂ ಕಿವಿಗಳು ಸಮಮಟ್ಟಕ್ಕೆ ಬಂದದ್ದು ಕಂಡರೆ ದಯವಿಟ್ಟು ಹೇಳಬಾರದು.
4. ಫ್ರಿಜ್ಜಿನ ಬಾಗಿಲಿಗೆ: ಹಿಂದಿನದನ್ನು ಕಿತ್ತು ಇದನ್ನು ಅಂಟಿಸಲು.
5. ಮಗಳಿಗೆ: ಓದಿ ಹೇಳಲಾಯಿತು. ಪೂರ್ತಿ ಕೇಳಿಸಿಕೊಂಡು, "ಅಳ್ಬೇಡ ಅಪ್ಪಾ. ನಿಂಗ್ ನಿದ್ದೆ ಬರ್ದಿದ್ರೆ ನನ್ ಕಿವಿ ಹಿಡ್ಕೊಂಡು ಮಲ್ಕೋ. ಮೆತ್ತಗೆ" ಎಂದು ಷರಾ ನೀಡಿರುತ್ತಾಳೆ. ಅದರಂತೆ ಕ್ರಮ ಕೈಗೊಳ್ಳಲಾಗಿದೆ.